ವಿಡಿಯೋ ಟ್ರಾಫಿಕ್ ಮಾಡೆಲ್: ಹಿಸ್ಟೋಗ್ರಾಮ್ ಹೊಂದ್ತು, ಬಫರ್ ಕೇಳ್ತಿಲ್ಲ

ಹೋದ ಸಲ ಬರೀ ಫ್ರೇಮ್ ಸೈಜ್ (ವಿಡಿಯೋದ ಒಂದೊಂದು ಚಿತ್ರ ಎಷ್ಟು ಬೈಟ್ ಅಂತ) ತೆಗೆಯೋ ಸ್ಕ್ರಿಪ್ಟ್ ಆಗಿತ್ತು, ಈಗ ಮಾಡೆಲ್ ಅನ್ನೋ ಹಾಗೆ ಏನೋ ಒಂದು ನಿಂತಿದೆ. ಹೊಸಬರಿಗೆ: ನಿಜವಾದ ವಿಡಿಯೋ ಇಲ್ದೇನೇ ಅದು ನೆಟ್‌ವರ್ಕ್ ಮೇಲೆ ಹಾಕೋ ಲೋಡ್ ಹುಟ್ಟಿಸ್ಬೇಕು, ಅಷ್ಟೇ ಪ್ರಾಜೆಕ್ಟು. ರೂಮ್‌ಮೇಟ್ ಧಾರವಾಡದವ್ನು, "ಲೇ, ಮೊದ್ಲ ಮನ್ಯಾಗಿನ ವೈಫೈ ನೆಟ್ಟಗ ಮಾಡಲೇ" ಅಂತಾನೆ, ಇರ್ಲಿ.

ಎರಡು ಕ್ಲಿಪ್ ಇಟ್ಕೊಂಡಿದೀನಿ. ಒಂದು ಇಲ್ಲಿ ಪುಣೆಯಲ್ಲಿ ನಡೆದ ಕನ್ನಡ ಕಾರ್ಯಕ್ರಮದ ಭಾಷಣ, ಟ್ರೈಪಾಡ್ ಮೇಲೆ ಕ್ಯಾಮೆರಾ, ಮಾತಾಡೋರ ಕೈ ಬಿಟ್ರೆ ಏನೂ ಅಲ್ಲಾಡಲ್ಲ. ಇನ್ನೊಂದು ಲಕ್ಷ್ಮೀ ರೋಡಿನ ಗಣಪತಿ ವಿಸರ್ಜನೆ, ಢೋಲ್ ತಾಶಾ, ಗುಲಾಲು, ಬೀಸೋ ಧ್ವಜ, ಎನ್‌ಕೋಡರ್‌ಗೆ (ವಿಡಿಯೋ ಕುಗ್ಗಿಸೋ ಸಾಫ್ಟ್‌ವೇರ್) ಹಿಂದಿನ ಫ್ರೇಮಿಂದ ಕದಿಯೋಕೆ ಏನೂ ಸಿಗಲ್ಲ. ಎರಡೂ 25 ಎಫ್‌ಪಿಎಸ್, ಎಕ್ಸ್264 ಎನ್‌ಕೋಡರ್‌ನಲ್ಲಿ ಸಿಆರ್‌ಎಫ್ 23 (ಬಿಟ್‌ರೇಟ್ ಬದಲು ಗುಣಮಟ್ಟ ಹಿಡಿದಿಡೋ ಸೆಟ್ಟಿಂಗ್), 12 ಫ್ರೇಮಿಗೊಂದು ಐ ಫ್ರೇಮ್ (ಬೇರೆ ಫ್ರೇಮ್ ನೆಚ್ಚದೆ ಪೂರ್ತಿ ಚಿತ್ರ ಇರೋದು), ಅಂದ್ರೆ ಒಂದು ಜಿಒಪಿ (ಒಂದು ಐನಿಂದ ಮುಂದಿನ ಐವರೆಗಿನ ಫ್ರೇಮ್ ಗುಂಪು) 0.48 ಸೆಕೆಂಡು. ಬಿಟ್‌ರೇಟ್ ಫಿಕ್ಸ್ ಮಾಡಿಬಿಟ್ರೆ ಏರಿಳಿತಾನೇ ಹೋಗುತ್ತೆ, ಆಮೇಲೆ ಮಾಡೆಲ್ ಮಾಡೋಕೆ ಉಳಿಯೋದೇನು.

ಭಾಷಣದಲ್ಲಿ ಐ ಫ್ರೇಮ್ ಮಾತ್ರ ದಪ್ಪ, ಬೇರೆ ಫ್ರೇಮಿಗಿಂತ ಏನು ಬದಲಾಯ್ತೋ ಅಷ್ಟನ್ನೇ ಇಡೋ ಪಿ, ಬಿ ಫ್ರೇಮ್ ಎಲ್ಲಾ ಸಣ್ಣ. ಮೆರವಣಿಗೆಯಲ್ಲಿ ಪಿ ಫ್ರೇಮೇ ಐ ಹತ್ರ ಹೋಗುತ್ತೆ. ಹಾಗಾಗಿ ಐ, ಪಿ, ಬಿ ಮೂರಕ್ಕೂ ಬೇರೆ ಬೇರೆ ಲಾಗ್‌ನಾರ್ಮಲ್ (ಬಲಕ್ಕೆ ಉದ್ದ ಬಾಲ ಇರೋ ಡಿಸ್ಟ್ರಿಬ್ಯೂಷನ್) ಕೊಟ್ಟೆ, ಹಿಸ್ಟೋಗ್ರಾಮ್ (ಯಾವ ಸೈಜಿನ ಫ್ರೇಮ್ ಎಷ್ಟಿದೆ ಅನ್ನೋ ಚಿತ್ರ) ಅಸಲಿಗೆ ಚೆನ್ನಾಗೇ ಹೊಂದ್ತು.

ಆಮೇಲೆ ಮಜಾ ಶುರು. ಸರಾಸರಿಗಿಂತ ಸ್ವಲ್ಪ ಜಾಸ್ತಿ ಸ್ಪೀಡಿನ ಲಿಂಕು, ಮುಂದೊಂದು ಬಫರ್ (ಪ್ಯಾಕೆಟ್‌ಗಳು ಸರದಿ ಕಾಯೋ ಜಾಗ) ಇಟ್ಟು ಓಡಿಸಿದ್ರೆ ಮೆರವಣಿಗೆಯ ಅಸಲಿ ಡೇಟಾ ಉಕ್ಕಿ ಪ್ಯಾಕೆಟ್ ಡ್ರಾಪ್ ಆಗುತ್ತೆ, ನನ್ನ ಮಾಡೆಲ್‌ದು ಆರಾಮಾಗಿ ದಾಟಿ ಹೋಗುತ್ತೆ. ಡಿಸ್ಟ್ರಿಬ್ಯೂಷನ್‌ದೇ ತಪ್ಪಾ ಅಂತ ನೋಡೋಕೆ ಅಸಲಿ ಜಿಒಪಿಗಳನ್ನೇ ಇಸ್ಪೀಟ್ ಎಲೆ ಥರ ಕಲೆಸಿ ಹಾಕ್ದೆ, ಹಿಸ್ಟೋಗ್ರಾಮ್ ಒಂಚೂರೂ ಬದಲಾಗಲ್ಲ, ಆದ್ರೂ ಡ್ರಾಪ್ ಹೆಚ್ಚುಕಮ್ಮಿ ನಿಂತೇ ಹೋಯ್ತು. ಅಂದ್ರೆ ವಿಷಯ ಇರೋದು ಸೈಜಲ್ಲಲ್ಲ, ಸಾಲಲ್ಲಿ. ಢೋಲ್ ಪಥಕ (ತಂಡ) ಕ್ಯಾಮೆರಾ ಮುಂದೆ ನಿಂತ್ರೆ ನಿಮಿಷಗಟ್ಟಲೆ ಭಾರದ ಜಿಒಪಿಗಳೇ ಒಂದರ ಹಿಂದೊಂದು ಬರ್ತಾವೆ, ಬಫರ್ ಎರಡು ಪಟ್ಟು ಮಾಡಿದ್ರೂ ತುಂಬೋದು ಸ್ವಲ್ಪ ತಡ ಆಗುತ್ತೆ ಅಷ್ಟೇ.

ಇದು ಹಳೇ ಸಂಗತಿ, 1994ರಲ್ಲೇ ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನ ಗ್ಯಾರೆಟ್ ಮತ್ತು ವಿಲಿಂಜರ್ ಎರಡು ಗಂಟೆ ಸಿನಿಮಾದ ಫ್ರೇಮ್ ಡೇಟಾದಲ್ಲಿ ಈ ದೀರ್ಘ ನೆನಪು (ಈಗಿನ ಭಾರಕ್ಕೂ ತುಂಬಾ ಹೊತ್ತಿನ ನಂತರದ ಭಾರಕ್ಕೂ ನಂಟಿರೋದು) ತೋರಿಸಿದ್ರು. ಅಳೆಯೋದು ಹರ್ಸ್ಟ್ ಪ್ಯಾರಾಮೀಟರ್‌ನಿಂದ, 0.5 ಅಂದ್ರೆ ಆ ನೆನಪಿಲ್ಲ, 1ರ ಕಡೆ ಹೋದಷ್ಟೂ ಜಾಸ್ತಿ. ಈ ಹರ್ಸ್ಟ್ ನೆಟ್‌ವರ್ಕ್‌ನೋರಲ್ಲ, ನೈಲ್ ನದಿಗೆ ಎಷ್ಟು ದೊಡ್ಡ ಜಲಾಶಯ ಬೇಕು ಅಂತ ಲೆಕ್ಕ ಹಾಕ್ತಿದ್ದೋರು. ಮಳೆಗಾಲದಲ್ಲಿ ಖಡಕ್‌ವಾಸ್ಲಾ ಅಣೆಕಟ್ಟು ಎಷ್ಟು ತುಂಬ್ತು ಅಂತ ನೋಡ್ತಾ ಕೂರೋ ಪುಣೆಯೋರಿಗೆ ಬಿಡಿಸಿ ಹೇಳ್ಬೇಕಿಲ್ಲ.

ನನ್ನ ಕ್ಲಿಪ್ ಚಿಕ್ಕದು, ವೇರಿಯನ್ಸ್-ಟೈಮ್ ಪ್ಲಾಟ್‌ನ (ಡೇಟಾನ ಹೆಚ್ಚು ಹೆಚ್ಚು ಉದ್ದದ ತುಂಡಲ್ಲಿ ಸರಾಸರಿ ಮಾಡಿದಂಗೆ ಏರಿಳಿತ ಎಷ್ಟು ಇಳಿಯುತ್ತೆ ಅಂತ ನೋಡಿ ಹರ್ಸ್ಟ್ ಅಂದಾಜು ಮಾಡೋದು) ಬಲತುದಿಯಲ್ಲಿ ಪಾಯಿಂಟ್‌ಗಳೇ ಕಮ್ಮಿ, ಅದ್ರಿಂದ ಬಂದ ನಂಬರ್ ಇಲ್ಲಿ ಹಾಕಲ್ಲ. ಫ್ರೇಮ್ ಲೆವೆಲ್ಲಲ್ಲಿ ಪ್ಲಾಟ್ ಮಾಡಿದ್ರೆ ಐ ಫ್ರೇಮ್‌ಗಳ ತಾಳ ಬೇರೆ ಅಡ್ಡ ಬರುತ್ತೆ, ಮೊದ್ಲು ಜಿಒಪಿ ಪ್ರಕಾರ ಕೂಡಿಸ್ಕೊಳ್ಳಿ.

ಈಗ ಎರಡು ಪದರ ಮಾಡ್ತಿದೀನಿ: ಮೇಲೆ ಸೀನ್, ಅದ್ರ ಉದ್ದ ಪರೇಟೊ (ಆಗಾಗ ತುಂಬಾ ಉದ್ದದ್ದೂ ಬರೋ ಡಿಸ್ಟ್ರಿಬ್ಯೂಷನ್), ಒಳಗೆ ಅದೇ ಲಾಗ್‌ನಾರ್ಮಲ್. ಪರೇಟೊದ ಬಾಲ ಎಷ್ಟು ದಪ್ಪ ಅಂತ ಹೇಳೋ ಆಲ್ಫಾ 1.4 ಇಟ್ರೆ, ಮೂರರಿಂದ ಆಲ್ಫಾ ಕಳೆದು ಅರ್ಧ ಮಾಡಿದ್ರೆ ಹರ್ಸ್ಟ್ 0.8 ಬರ್ಬೇಕು. ಆಮೇಲೆ ಪ್ಯಾಕೆಟ್ ಮಾಡೋದು, 188 ಬೈಟಿನ ಟಿಎಸ್ (ವಿಡಿಯೋ ಸಾಗಿಸೋ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್) ಪ್ಯಾಕೆಟ್ ಏಳು ಸೇರಿಸಿ 1316 ಬೈಟ್, ಈಥರ್ನೆಟ್‌ನ 1500 ಬೈಟ್ ಮಿತಿಯೊಳಗೆ ಕೂರುತ್ತೆ. ಐ ಫ್ರೇಮನ್ನ ಒಂದೇ ಸಲ ತಳ್ಳೋದಾ ಒಂದು ಫ್ರೇಮಿನ ಹೊತ್ತಾದ 40 ಮಿಲಿಸೆಕೆಂಡಿಗೆ ಹರಡೋದಾ ಇನ್ನೂ ತೀರ್ಮಾನ ಆಗಿಲ್ಲ. ಹರಡಿದ್ರೆ ಭಾಷಣದ ಕ್ಲಿಪ್ಪಿಗೆ ಬಫರ್ ಸ್ವಲ್ಪ ಚಿಕ್ಕದಾದ್ರೂ ಸಾಕು, ಮೆರವಣಿಗೆಗೆ ಮಾತ್ರ ಅದ್ರಿಂದ ಹೆಚ್ಚೇನೂ ಉಪಯೋಗ ಆಗಲ್ಲ.