57 ಸುರಂಗಗಳು, 35 ಹುಡುಗಿಯರು

ಕುಣಿಗಲ್ ದಾಟುತ್ತಿದ್ದಂತೆ ಅಕ್ಕನ ಮಗಳ ಕಣ್ಣು ನನ್ನ ಕಿಟಕಿಯ ಸೀಟಿನ ಮೇಲೆ ಬಿತ್ತು. ಯಶವಂತಪುರದಿಂದ ಮಂಗಳೂರಿಗೆ ಹೋಗುವ ಹಗಲು ರೈಲು, ಮಳೆಗಾಲ. ಘಾಟಿಯ ಝರಿಗಳನ್ನು ನೋಡಲೆಂದೇ ಹಗಲು ಪ್ರಯಾಣ ಆರಿಸಿಕೊಂಡವಳು ನಾನು. ಪಿಯುಸಿ ಓದುವ ಆ ಹುಡುಗಿ ಚೀಲದಿಂದ ಪುಸ್ತಕವೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟು, “ಸ್ವಲ್ಪ ಓದು. ಆಮೇಲೂ ಕಿಟಕಿ ಬೇಕೆನಿಸಿದರೆ ಎದ್ದುಬಿಡುತ್ತೇನೆ” ಎಂದಳು. ಮುಖಪುಟದ ತುಂಬ ನೀಲಿ ಗೌನು, ಅದರೊಳಗೆ ಕೆಂಪು ಕೂದಲಿನ ಹುಡುಗಿ. ಕೀರಾ ಕ್ಯಾಸ್ ಅವರ ‘ದಿ ಸೆಲೆಕ್ಷನ್’, 2012ರಲ್ಲಿ ಬಂದದ್ದು. ಮೂಗು ಮುರಿಯುತ್ತಲೇ ತೆರೆದೆ.

ಕಥೆ ನಡೆಯುವುದು ಇಲಿಯಾ ಎಂಬ ದೇಶದಲ್ಲಿ. ಚೀನಾದ ಸಾಲ ತೀರಿಸಲಾಗದೆ ಅಮೆರಿಕ ಬಿದ್ದುಹೋಗಿ, ಮಹಾಯುದ್ಧಗಳೆಲ್ಲ ಮುಗಿದ ಮೇಲೆ ಅದೇ ನೆಲದಲ್ಲಿ ಎದ್ದ ರಾಜಪ್ರಭುತ್ವ. ಯುವರಾಜ ಮ್ಯಾಕ್ಸನ್‌ಗೆ ಮದುವೆಯ ವಯಸ್ಸಾದಾಗ ಪ್ರಾಂತ್ಯಕ್ಕೊಬ್ಬಳಂತೆ 35 ಹುಡುಗಿಯರನ್ನು ಅರಮನೆಗೆ ಕರೆಸುತ್ತಾರೆ. ದೇಶವೆಲ್ಲ ಟಿವಿಯ ಮುಂದೆ ಕುಳಿತು ನೋಡುತ್ತಿರುವಂತೆ ಒಬ್ಬೊಬ್ಬರನ್ನೇ ಮನೆಗೆ ಕಳುಹಿಸಿ, ಉಳಿದವಳಿಗೆ ಕಿರೀಟ. ಹಿನ್ನುಡಿ ಓದಿದಾಗ ಸ್ವಯಂವರ ಎಂದುಕೊಂಡಿದ್ದೆ. ಅಲ್ಲವೇ ಅಲ್ಲ. ಸ್ವಯಂವರದಲ್ಲಿ ಹಾರ ಹುಡುಗಿಯ ಕೈಯಲ್ಲಿರುತ್ತದೆ. ಇದು ನಮ್ಮ ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟು, ಕೇಸರಿಬಾತಿನ ಜಾಗದಲ್ಲಿ ಸ್ಟ್ರಾಬೆರಿ ಟಾರ್ಟ್, ಅಷ್ಟೇ. ಅಂದು ನಾವು ಹೊರಟಿದ್ದೂ ಬಂಧುಗಳ ಮನೆಯ ನಿಶ್ಚಿತಾರ್ಥಕ್ಕೆ. ಗೋತ್ರ, ನಕ್ಷತ್ರ, ಸಂಬಳ ಮೂರೂ ಕೂಡಿಬಂದ ಸಂಬಂಧ.

ನಾಯಕಿ 17 ವರ್ಷದ ಅಮೆರಿಕಾ ಸಿಂಗರ್. ಇಲಿಯಾದಲ್ಲಿ ಜಾತಿಗಳಿಗೆ ಹೆಸರಿಲ್ಲ, ಒಂದರಿಂದ ಎಂಟರವರೆಗೆ ಅಂಕಿಗಳು. ಅವಳದು ಐದು: ಹಾಡುವವರು, ಚಿತ್ರ ಬರೆಯುವವರು. ಅವಳು ಗುಟ್ಟಾಗಿ ಪ್ರೀತಿಸುವ ಆಸ್ಪೆನ್‌ನದು ಆರು: ಮನೆಗೆಲಸದವರು. ಮದುವೆಯಾದ ಹೆಣ್ಣು ಗಂಡನ ಅಂಕಿಗೆ ಇಳಿಯಬೇಕು, ಇಲ್ಲವೆ ಏರಬೇಕು. ಇಷ್ಟು ಓದುವಷ್ಟರಲ್ಲಿ ಹಾಸನ ಬಂದಿತ್ತು. ನಾನು ಕಾಫಿ ಕುಡಿಯುವುದನ್ನೂ ಮರೆತಿದ್ದೆ.

ನನ್ನನ್ನು ಹಿಡಿದದ್ದು ಅರಮನೆಯಲ್ಲ. ಅದಕ್ಕೂ ಮುಂಚಿನ ಒಂದು ಅಧ್ಯಾಯ. ಕರ್ಫ್ಯೂ ಹೊತ್ತಿನಲ್ಲಿ ಅವರಿಬ್ಬರೂ ಹಿತ್ತಲಿನ ಮರದ ಮೇಲಿನ ಪುಟ್ಟ ಮನೆಯಲ್ಲಿ ಭೇಟಿಯಾಗುತ್ತಾರೆ. ಅವಳು ತನ್ನ ಪಾಲಿನ ಊಟದಲ್ಲಿ ಉಳಿಸಿ ತಂದದ್ದನ್ನು ಅವನು ತಿನ್ನುತ್ತಾನೆ. ಅವಳು ಹಾಡಿದರೆ ಒಂದು ಸೆಂಟಿನ ನಾಣ್ಯ ಕೊಡುತ್ತಾನೆ. ಒಂದು ರಾತ್ರಿ ಅವಳು ಆಸೆಯಿಂದ ದೊಡ್ಡ ಊಟವನ್ನೇ ಮಾಡಿ ತಂದಾಗ ಅವನಿಗೆ ಅವಮಾನವಾಗುತ್ತದೆ. ಉಣಿಸಬೇಕಾದವನು ತಾನು ಎಂಬ ಗಂಡಸಿನ ಬಿಂಕ. ಅಲ್ಲಿಗೆ ಪ್ರೀತಿ ಮುರಿಯುತ್ತದೆ. ಹಸಿವಿನ ನಡುವೆಯೂ ಬಿಂಕ ಬಿಡದವರನ್ನು ನಾನು ನಮ್ಮ ಮನೆತನದಲ್ಲೇ ಕಂಡಿದ್ದೇನೆ. ಆ ಹುಡುಗನ ಮೇಲೆ ಸಿಟ್ಟೂ ಬಂತು, ಅವನು ಎಲ್ಲಿಂದ ಮಾತನಾಡುತ್ತಿದ್ದಾನೆ ಎಂಬುದೂ ಅರ್ಥವಾಯಿತು.

ಸಕಲೇಶಪುರ ಬಿಟ್ಟ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗಗಳು. ಬೋಗಿ ಮತ್ತೆ ಮತ್ತೆ ಕತ್ತಲಾಗುತ್ತಿತ್ತು, ಜನ ಕೂಗುತ್ತಿದ್ದರು, ಹುಡುಗಿ ಕಿಟಕಿಯ ಸರಳಿಗೆ ಮೂಗು ಒತ್ತಿಕೊಂಡು ಝರಿ ಎಣಿಸುತ್ತಿದ್ದಳು. ನಾನು ಬೋಗಿಯ ಮಂಕು ದೀಪದಲ್ಲಿ ಅರಮನೆಯ ತೋಟದಲ್ಲಿದ್ದೆ. ಉಸಿರುಗಟ್ಟಿ ಹೊರಗೋಡಿ ಬಂದ ಅಮೆರಿಕಾ ಅಲ್ಲಿ ಯುವರಾಜನನ್ನೇ ಗದರಿಸುತ್ತಾಳೆ. ತನಗೆ ಅವನು ಬೇಡ, ಇಲ್ಲಿನ ಊಟ ಬೇಕು, ತನ್ನ ಮನೆಯವರಿಗೆ ಸೇರುವ ಹಣ ಬೇಕು ಎಂದು ಮುಂದೆ ಅವನಿಗೇ ಹೇಳಿಬಿಡುತ್ತಾಳೆ. ಇವಳ ಬಾಯಿಂದಲೇ ಅವನಿಗೆ ತನ್ನ ಪ್ರಜೆಗಳ ಹಸಿವು ಏನೆಂದು ಗೊತ್ತಾಗುವುದು. ಹುಡುಗ ಒಳ್ಳೆಯವನೇ. ಹೆಣ್ಣುಮಕ್ಕಳು ಅತ್ತರೆ ಏನು ಮಾಡಬೇಕೆಂದು ತಿಳಿಯದೆ ತಬ್ಬಿಬ್ಬಾಗುವ ರಾಜಕುಮಾರನನ್ನು ಯಾರು ತಾನೇ ದ್ವೇಷಿಸುತ್ತಾರೆ?

ಗೌನುಗಳು, ಅಲಂಕಾರ, ಸೆಲೆಸ್ಟ್ ಎಂಬ ಸುಂದರಿಯ ಕುತಂತ್ರ ಎಲ್ಲವನ್ನೂ ರಾತ್ರಿ ಎಂಟರ ಧಾರಾವಾಹಿಯಂತೆ ನಾಚಿಕೆ ಬಿಟ್ಟು ಸವಿದೆ. ಆದರೆ ಒಂದು ತಕರಾರು ಉಳಿಯಿತು. ಈ ಜಾತಿಪದ್ಧತಿ ಲೇಖಕಿಗೆ ಗೌನು ತೂಗುಹಾಕುವ ಮೊಳೆ. ಇಲಿಯಾದಲ್ಲಿ ದುಡ್ಡು ಕೊಟ್ಟರೆ ಮೇಲಿನ ಅಂಕಿಯನ್ನು ಕೊಳ್ಳಬಹುದು. ನಮ್ಮಲ್ಲಿ ಯಾವ ಕೌಂಟರಿನಲ್ಲೂ ಅದು ಸಿಗುವುದಿಲ್ಲ. ಎಂಟನೆಯವರು ಬೀದಿಯಲ್ಲಿದ್ದಾರೆ ಎಂದು ಹೇಳುತ್ತಾರೆಯೇ ಹೊರತು ಅವರಲ್ಲೊಬ್ಬಳು ಬಾಯಿ ತೆರೆದು ಮಾತನಾಡುವುದನ್ನು ನಾನು ಕಾಣಲಿಲ್ಲ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ದೊರೆ ಬಿಜ್ಜಳ ಹಿರಿಯರಿಬ್ಬರಿಗೆ ಎಳೆಹೂಟೆ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆ, ವಿಧಿಸಿದ ಕಥೆಯನ್ನು ಕೇಳಿ ಬೆಳೆದವರಿಗೆ, ಐದು-ಆರರ ನಡುವಿನ ಈ ಒಂದು ಮೆಟ್ಟಿಲು ಆಟದಂತೆ ಕಾಣುತ್ತದೆ. ಹಾಗೆಂದು ಪುಸ್ತಕ ಮುಚ್ಚಿದೆನೇ? ಇಲ್ಲ. ಪುತ್ತೂರು ಬಂದಾಗ ಬುತ್ತಿಯ ಚಿತ್ರಾನ್ನವನ್ನು ಎಡಗೈಯಲ್ಲಿ ಪುಟ ಒತ್ತಿ ಹಿಡಿದೇ ತಿಂದೆ.

ಬೈಬಲಿನಲ್ಲಿ ರಾಜ ರಾಣಿಯಾಗಿ ಆರಿಸಿಕೊಂಡ ಎಸ್ತೇರಳ ಕಥೆ ಮತ್ತು ಸಿಂಡ್ರೆಲ್ಲಾ ಈ ಕಾದಂಬರಿಯ ಬೀಜ ಎಂದು ಲೇಖಕಿ ಹೇಳಿದ್ದಾರಂತೆ, ಹುಡುಗಿ ತಿಳಿಸಿದಳು. ರಾಜನ ಬಳಿ ಹೋಗುವ ಮುಂಚೆ ಎಸ್ತೇರಳಿಗೆ ಪಕ್ಕದ ಮನೆಯ ಹುಡುಗನೊಬ್ಬ ಇಷ್ಟವಾಗಿದ್ದರೆ? ಪ್ರಶ್ನೆ ಚೆನ್ನಾಗಿದೆ. ಇಂಥದ್ದನ್ನು ನಾವು ನಮ್ಮ ಪುರಾಣದ ಹೆಣ್ಣುಮಕ್ಕಳ ಬಗ್ಗೆ ಕೇಳುವುದು ಕಡಿಮೆ.

ಬಂಟ್ವಾಳದ ಹತ್ತಿರ ಪುಸ್ತಕ ಮುಗಿಯಿತು, ಕಥೆ ಮುಗಿಯಲಿಲ್ಲ. ಸ್ಪರ್ಧೆಯಲ್ಲಿ ಆರು ಜನ ಉಳಿದಿದ್ದಾರೆ, ಆಸ್ಪೆನ್ ಕಾವಲುಗಾರನಾಗಿ ಅರಮನೆಯೊಳಗೇ ಬಂದು ನಿಂತಿದ್ದಾನೆ. ಎರಡನೆಯ ಭಾಗ ಬೆಂಗಳೂರಿನ ಮನೆಯಲ್ಲಿದೆಯಂತೆ. ಮುಂದೇನಾಗುತ್ತದೆ ಎಂದು ಎಷ್ಟು ಗೋಗರೆದರೂ ಹುಡುಗಿ ಬಾಯಿ ಬಿಡಲಿಲ್ಲ. ನೀನು ಯಾರ ಕಡೆ ಎಂದು ಮಾತ್ರ ಕೇಳಿದಳು, ತಾನು ಮ್ಯಾಕ್ಸನ್ ಕಡೆ ಎಂದಳು.

“ಇಬ್ಬರೂ ಬೇಡ. ಅರಮನೆ ಕೊಡುವ ಹಣದಲ್ಲಿ ಒಳ್ಳೆಯ ಪಿಟೀಲು ಕೊಂಡು, ಕಛೇರಿ ಮಾಡಿಕೊಂಡು ಇರಲಿ” ಎಂದೆ.

“ಹಾಗಾದರೆ ಎರಡನೆಯ ಭಾಗವನ್ನು ಯಾರು ಓದುತ್ತಾರೆ, ಚಿಕ್ಕಮ್ಮ?” ಎಂದು ಅವಳು ಪುಸ್ತಕವನ್ನು ಕಿತ್ತುಕೊಂಡು ಚೀಲಕ್ಕೆ ತುರುಕಿದಳು.