ಕುರ್ಚಿ ಕಿರ್ ಅಂದ್ರೆ ಸಾಕು

ನನ್ ಫ್ರೆಂಡ್ ಒಬ್ಳು ಸೈನ್ಸ್ ಫಿಕ್ಷನ್ ಕಾಮಿಕ್ ಒಂದನ್ನ ಸೀರೀಸ್ ಮಾಡೋಕೆ ಸ್ಕ್ರಿಪ್ಟ್ ಬರೀತಿದಾಳೆ, ಹೋದ ವಾರ ಮುಂಬೈನ ಅಂಧೇರಿಲಿ ಒಬ್ಬ ಪ್ರೊಡ್ಯೂಸರ್ ಹತ್ರ ಕತೆ ಹೇಳೋಕೆ ಹೋಗಿದ್ವಿ, ನಾನು ಸೌಂಡ್ ಎಡಿಟಿಂಗ್ ಮಾಡ್ತೀನಲ್ಲ ಅದಕ್ಕೆ ಜೊತೆಗೆ ಕರ್ಕೊಂಡು ಹೋಗಿದ್ಲು. ಅವ್ರು ಇಪ್ಪತ್ತು ನಿಮಿಷ ಕೇಳಿಸ್ಕೊಂಡು ಕೊನೆಗೆ ಹೇಳಿದ್ದಿಷ್ಟು. ಮೊದಲ ಮೂರು ನಿಮಿಷದಲ್ಲಿ ದೊಡ್ಡ ಬ್ಲಾಸ್ಟ್ ಒಂದಿರ್ಲಿ, ಅದ್ರ ಮೇಲೆ ವಾಯ್ಸ್ ಓವರ್ ಹಾಕಿ ಪ್ರಪಂಚ ಯಾಕೆ ಹಿಂಗಾಯ್ತು ಅಂತ ಹೇಳ್ಬಿಡಿ, ಇಲ್ಲಾಂದ್ರೆ ಜನ ಬೇರೆದಕ್ಕೆ ಹೋಗ್ತಾರೆ. ಘಾಟ್ಕೋಪರ್‌ವರೆಗೂ ಮೆಟ್ರೋಲಿ ನಾವಿಬ್ರೂ ಮಾತಾಡ್ಲಿಲ್ಲ. ಡೊಂಬಿವಲಿ ಲೋಕಲ್ ಟ್ರೇನ್ ಹತ್ತಿದ್ಮೇಲೆ ನಾನು ಬಾಯಿ ಬಿಟ್ಟೆ, ಆದ್ರೆ ಆ ಗದ್ದಲದಲ್ಲಿ ಅವ್ಳಿಗೆ ಅರ್ಧ ಕೇಳಿಸ್ಲೇ ಇಲ್ಲ, ಅದಕ್ಕೆ ಪೂರ್ತಿ ಇಲ್ಲಿ ಬರೀತಿದೀನಿ.

ನಾನು ಅವ್ಳಿಗೆ ಹೇಳೋಕೆ ಹೊರಟಿದ್ದು ಒಂದು ಕುರ್ಚಿ ಬಗ್ಗೆ.

ಅರ್ಜೆಂಟೀನಾದಲ್ಲಿ 1957ರಿಂದ 1959ರವರೆಗೆ ವಾರವಾರ ಬಂದ ಕಾಮಿಕ್ ಒಂದಿದೆ, ಎಲ್ ಎತೆರ್ನೌತಾ ಅಂತ, ಬರ್ದಿದ್ದು ಓಸ್ಟರ್‌ಹೆಲ್ಡ್, ಚಿತ್ರ ಸೊಲಾನೊ ಲೋಪೆಸ್. ಅದು ಶುರುವಾಗೋದು ಹೆಂಗೆ ಗೊತ್ತಾ, ರಾತ್ರಿ ಹೊತ್ತು, ಕಾಮಿಕ್ ಕತೆ ಬರೆಯೋನೊಬ್ಬ ಮನೇಲಿ ಒಬ್ನೇ ಕೂತು ಬರೀತಿರ್ತಾನೆ, ಎದುರಿಗಿರೋ ಖಾಲಿ ಕುರ್ಚಿ ಕಿರ್ ಅನ್ನತ್ತೆ, ತಲೆ ಎತ್ತಿ ನೋಡಿದ್ರೆ ಅಲ್ಲೊಬ್ಬ ಮನುಷ್ಯ ನಿಧಾನಕ್ಕೆ ಮೂಡ್ತಿದಾನೆ. ಬಾಗಿಲಿಂದ ಬಂದವ್ನಲ್ಲ. ಅವ್ನ ಹೆಸ್ರು ಹುವಾನ್ ಸಾಲ್ವೊ, ಅವ್ನು ತನ್ನ ಕತೆ ಹೇಳೋಕೆ ಶುರು ಮಾಡ್ತಾನೆ. ಬ್ಯೂನಸ್ ಐರಿಸ್ ಹತ್ರ ಅವ್ನ ಮನೆ, ಮಹಡಿ ಮೇಲೆ ನಾಲ್ಕು ಜನ ಫ್ರೆಂಡ್ಸ್ ಇಸ್ಪೀಟ್ ಆಡ್ತಿದಾರೆ, ತ್ರೂಕೊ ಅಂತ ಆಟ, ಕೈಲಿ ಎಲೆ ಇಲ್ದೇ ಇದ್ರೂ ಇದೆ ಅಂತ ನಂಬಿಸೋ ಆಟ. ಹೆಂಡ್ತಿ ಮಗಳು ಮನೇಲೇ ಇದಾರೆ. ಕರೆಂಟ್ ಹೋಗತ್ತೆ. ಹೊರಗೆ ಸದ್ದೇ ಇಲ್ಲ. ಕಿಟಕಿಲಿ ನೋಡಿದ್ರೆ ಹಿಮ ಬೀಳ್ತಿದೆ, ಅದು ಮೈಗೆ ತಾಗಿದವ್ರೆಲ್ಲ ರಸ್ತೇಲೇ ಸತ್ತು ಬಿದ್ದಿದಾರೆ.

ಇದೇ ಕತೆ 2025ರ ಏಪ್ರಿಲ್ 30ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಆರು ಎಪಿಸೋಡ್ ಆಗಿ ಬಂತು, ರಿಕಾರ್ಡೊ ದಾರಿನ್ ಹುವಾನ್ ಪಾತ್ರ ಮಾಡಿದಾರೆ, ಎಂಥ ಮುಖ ಆ ಮನುಷ್ಯಂದು. ಸೀರೀಸ್‌ನಲ್ಲಿ ಆ ಕುರ್ಚಿ ಇಲ್ಲ, ಬರೆಯೋನೂ ಇಲ್ಲ. ಬದಲಿಗೆ ಮೊದಲ ಸೀನ್‌ನಲ್ಲಿ ಮೂರು ಜನ ಹುಡುಗೀರು ರಾತ್ರಿ ನದೀಲಿ ದೋಣಿ ಮೇಲೆ ಖುಷಿಯಾಗಿರ್ತಾರೆ, ಆಕಾಶದಲ್ಲಿ ಏನೋ ಬೆಳಕು, ಆಮೇಲೆ ಹಿಮ, ಡೆಕ್ ಮೇಲಿದ್ದ ಇಬ್ರು ಹಂಗೇ ಕುಸಿದು ಬೀಳ್ತಾರೆ, ಒಳಗಿದ್ದವ್ಳು ಹುವಾನ್ ಮಗಳು. ಹಿಂಗ್ ಯಾಕೆ ಮಾಡಿದ್ರು ಅನ್ನೋದು ನಂಗೆ ಅರ್ಥ ಆಗತ್ತೆ, ಅಪ್ಪ ಮಗಳನ್ನ ಹುಡುಕ್ಕೊಂಡು ಹೋಗೋದೇ ಈ ಸೀರೀಸ್‌ನ ದಾರಿ. ಆದ್ರೆ ಅದಕ್ಕೆ ತೆತ್ತ ಬೆಲೆ ಏನು ನೋಡಿ. ಇಸ್ಪೀಟ್ ಟೇಬಲ್‌ಗೆ ಬರೋ ಹೊತ್ತಿಗೆ ಹಿಮ ಕೊಲ್ಲತ್ತೆ ಅಂತ ನಮಗೆ ಆಗ್ಲೇ ಗೊತ್ತು, ಆಡ್ತಿರೋರಿಗೆ ಗೊತ್ತಿಲ್ಲ, ನಾವು ಅವ್ರಿಗಿಂತ ಮುಂದಿದೀವಿ. ಹಿಂಗಿದ್ರೇನೆ ಎದೆ ಢವಢವ ಜಾಸ್ತಿ ಅಂತ ಕೆಲವ್ರು ಹೇಳ್ತಾರೆ, ಇರ್ಬೋದು. ಆದ್ರೆ ಕಾಮಿಕ್‌ನಲ್ಲಿ ಆ ಮೊದಲ ಹಿಮ ಬಿದ್ದಾಗ ನಾನೂ ಆ ರೂಮಲ್ಲೇ ಇದ್ದೆ, ಇದೇನಪ್ಪಾ ಇದು ಅಂತ ಅವ್ರ ಜೊತೆಗೇ ಕಿಟಕಿ ಹತ್ರ ಎದ್ದು ಹೋದೆ, ಸೀರೀಸ್ ನೋಡ್ವಾಗ ಅದು ಸಿಗ್ಲಿಲ್ಲ.

ಇನ್ನೊಂದು, ಇದು ನಂಗೆ ತುಂಬಾ ಮುಖ್ಯ. ಅರ್ಜೆಂಟೀನಾದಲ್ಲಿ 1976ರಲ್ಲಿ ಮಿಲಿಟರಿ ಅಧಿಕಾರ ಹಿಡೀತು, ಓಸ್ಟರ್‌ಹೆಲ್ಡ್‌ನ 1977ರಲ್ಲಿ ಎತ್ತಾಕ್ಕೊಂಡು ಹೋದ್ರು, ಅವ್ರು ವಾಪಸ್ ಬರ್ಲೇ ಇಲ್ಲ. ಅವ್ರ ನಾಲ್ಕೂ ಜನ ಹೆಣ್ಮಕ್ಕಳೂ ಬರ್ಲಿಲ್ಲ. ಇಷ್ಟು ಗೊತ್ತಾದ್ಮೇಲೆ ಆ ಮೊದಲ ಪುಟ ಇನ್ನೊಂದ್ಸಲ ತೆಗೆದು ನೋಡಿ, ಬರೆಯೋನ ಎದುರಿಗೆ ಖಾಲಿ ಕುರ್ಚಿ, ಅದ್ರಲ್ಲಿ ಕಾಣೆಯಾಗಿದ್ದವ್ನೊಬ್ಬ ಬಂದು ಕೂರ್ತಾನೆ. 1957ರಲ್ಲಿ ಅದು ಬರೀ ಕತೆ ಹೇಳೋ ಒಂದು ಉಪಾಯ ಆಗಿತ್ತು. ಈಗ ನೋಡೋಕಾಗಲ್ಲ, ಅಷ್ಟು ಭಾರ ಇದೆ. ಕತೆಯ ಕೊನೆಗೂ ಆ ರೂಮಿಗೂ ಸಂಬಂಧ ಇದೆ, ಓದಿಲ್ದೇ ಇರೋರಿಗೋಸ್ಕರ ಅದನ್ನ ಇಲ್ಲಿ ಹೇಳಲ್ಲ. ನನ್ ಕೈಲಿ ಇದ್ದಿದ್ರೆ ಆ ಕುರ್ಚಿ ಬಿಡ್ತಾನೇ ಇರ್ಲಿಲ್ಲ.

ಹಂಗಂತ ಕಾಮಿಕ್‌ನ ಮೊದಲ ಪುಟ ಇದ್ದಂಗೇ ತೆಗೀಬೇಕು ಅಂತ ನಾನು ಹೇಳ್ತಿಲ್ಲ. ವಾಚ್‌ಮೆನ್ ತಗೊಳ್ಳಿ. 1986ರ ಕಾಮಿಕ್, ಮೊದಲ ಪುಟದಲ್ಲಿ ಏಳು ಚೌಕ, ಮೊದಲ್ನೇದ್ರಲ್ಲಿ ಮೋರಿ ಹತ್ರ ರಕ್ತದಲ್ಲಿ ಬಿದ್ದಿರೋ ನಗುಮುಖದ ಬ್ಯಾಡ್ಜು, ಅಲ್ಲಿಂದ ನೋಟ ಮೇಲಕ್ಕೆ ಮೇಲಕ್ಕೆ ಹೋಗ್ತಾ ಹೋಗ್ತಾ ಏಳನೇದ್ರಲ್ಲಿ ಎತ್ತರದ ಕಟ್ಟಡದ ಒಡೆದ ಕಿಟಕಿಗೆ ಬಂದು ನಿಲ್ಲತ್ತೆ, ಕೆಳಗೆ ಒಬ್ಬ ಪೈಪ್ ಹಿಡ್ದು ರಕ್ತ ತೊಳೀತಿದಾನೆ. 2019ರಲ್ಲಿ ಎಚ್‌ಬಿಒ ಸೀರೀಸ್ ಮಾಡ್ದಾಗ ಅದನ್ನ ಬರ್ದ ಡೇಮನ್ ಲಿಂಡೆಲಾಫ್ ಇದ್ಯಾವ್ದನ್ನೂ ಮುಟ್ಲಿಲ್ಲ, ಸೀದಾ 1921ಕ್ಕೆ, ಅಮೆರಿಕದ ಟಲ್ಸಾ ಅನ್ನೋ ಊರಿಗೆ ಹೋದ್ರು. ಒಂದು ಥಿಯೇಟರ್, ಮೂಕಿ ಸಿನಿಮಾ, ಪರದೆ ಮೇಲೆ ಕರಿಯ ಮಾರ್ಷಲ್ ಒಬ್ಬ ಹೀರೋ, ಒಬ್ಬ ಪುಟ್ಟ ಹುಡುಗ ಕಣ್ಣು ಬಿಟ್ಕೊಂಡು ನೋಡ್ತಿದಾನೆ, ಅವ್ನಮ್ಮ ಪಿಯಾನೋ ನುಡಿಸ್ತಾ ಅಳ್ತಿದಾಳೆ. ಯಾಕೆ ಅಳ್ತಿದಾಳೆ ಅಂತ ಹೊರಗೆ ಬಂದ್ಮೇಲೆ ಗೊತ್ತಾಗತ್ತೆ, ಬಿಳಿಯರ ಗುಂಪು ಗ್ರೀನ್‌ವುಡ್ ಅನ್ನೋ ಕರಿಯರ ಬಡಾವಣೆಗೇ ಬೆಂಕಿ ಇಟ್ಟಿದೆ. ಇದು ನಿಜ್ವಾಗ್ಲೂ ನಡೆದಿದ್ದು, ಅಮೆರಿಕದವ್ರೇ ಎಷ್ಟೋ ಜನ ಈ ಸೀರೀಸ್ ನೋಡಿ ಮೊದಲ ಸಲ ತಿಳ್ಕೊಂಡ್ರು. ಕಾಮಿಕ್‌ನ ಒಂದು ಗೆರೆನೂ ಅದ್ರಲ್ಲಿಲ್ಲ, ಆದ್ರೂ ಮೊದಲ ಪುಟದ ಕೆಲ್ಸ ಅಲ್ಲಾಗಿದೆ, ತೊಳೆದು ಹಾಕಿದ ರಕ್ತದ ಹತ್ರ ನಮ್ಮನ್ನ ಕರ್ಕೊಂಡು ಹೋಗಿ ನಿಲ್ಲಿಸಿದಾರೆ.

ಅಂಬ್ರೆಲಾ ಅಕಾಡೆಮಿನೂ ಹಂಗೇ, ಕಾಮಿಕ್ ಶುರುವಾಗೋದು ಕುಸ್ತಿಪಟು ಒಬ್ಬ ಬಾಹ್ಯಾಕಾಶದ ಪ್ರಾಣೀನ ಹೊಡೆದು ಕೆಡವೋದ್ರಿಂದ, ಸೀರೀಸ್ ಶುರುವಾಗೋದು 1989ರಲ್ಲಿ ರಷ್ಯಾದ ಸ್ವಿಮ್ಮಿಂಗ್ ಪೂಲ್‌ನಲ್ಲಿ, ನೀರಿಗೆ ಹಾರಿದ ಹುಡುಗಿ ತುಂಬು ಗರ್ಭಿಣಿಯಾಗಿ ಮೇಲೆ ಬರ್ತಾಳೆ. ಅಷ್ಟೇ, ವಿವರಣೆ ಆಮೇಲೆ.

ಪ್ರೊಡ್ಯೂಸರ್ ಕೇಳಿದ ಥರ ಶುರು ಮಾಡಿದ್ದು ಸ್ನೋಪಿಯರ್ಸರ್ ಸೀರೀಸು, 2020ರದ್ದು. ಭೂಮಿ ಹೆಂಗ್ ಹೆಪ್ಪುಗಟ್ತು, ಬದುಕುಳಿದ ಜನ ಇರೋ ಆ ಟ್ರೇನ್ ಯಾರು ಕಟ್ಟಿದ್ರು, ಟಿಕೆಟ್ ಇಲ್ದೇ ಬಾಲದ ಡಬ್ಬಿಗೆ ಯಾರು ನುಗ್ಗಿದ್ರು, ಎಲ್ಲಾ ಮೊದಲೇ ಅನಿಮೇಷನ್ ಹಾಕಿ ಹೇಳ್ಬಿಡ್ತಾರೆ. ಚಿತ್ರ ಚೆನ್ನಾಗಿದೆ, ಅದನ್ನ ಒಪ್ತೀನಿ. ಆದ್ರೆ 1982ರ ಫ್ರೆಂಚ್ ಕಾಮಿಕ್‌ನಲ್ಲಿ ಬಾಲದಿಂದ ತಪ್ಪಿಸ್ಕೊಂಡು ಬಂದವ್ನ ಜೊತೆ ನಾವು ಒಂದೊಂದೇ ಡಬ್ಬಿ ದಾಟ್ತಾ ಹೋಗ್ತೀವಿ, ಆ ಲೋಕ ಹೆಂಗಿದೆ ಅಂತ ನಡೀತಾ ನಡೀತಾ ಗೊತ್ತಾಗತ್ತೆ. ಬಾಗಿಲು ತೆಗೆಯೋ ಮುಂಚೆನೇ ಒಳಗೇನಿದೆ ಅಂತ ಹೇಳಿದ್ರೆ ಬಾಗಿಲು ಯಾಕೆ ಬೇಕು.

ಕಾಮಿಕ್ ಓದೋವಾಗ ಪುಟ ತಿರುಗ್ಸೋ ಕೈ ನಮ್ದು. ಮಾತುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಲ್ಲಿ ಅಪ್ಪ ಕೊಡಿಸ್ತಿದ್ದ ಹಳೇ ಇಂದ್ರಜಾಲ್ ಕಾಮಿಕ್ಸ್‌ನಲ್ಲಿ ಬಲಗಡೆ ಪುಟದ ಕೊನೇ ಚೌಕಕ್ಕೆ ಬಂದಾಗ ನಾನು ಬೇಕಂತ ತಡೀತಿದ್ದೆ, ಆ ಕಡೆ ಏನಿರತ್ತೋ ಅಂತ. ಟಿವಿಲಿ ಆ ಕೈ ನಮ್ ಹತ್ರ ಇರಲ್ಲ. ಅದ್ರ ಬದಲಿಗೆ ಟಿವಿ ಹತ್ರ ಇರೋದು ಸದ್ದು, ಕಾಮಿಕ್ ಹತ್ರ ಇಲ್ದೇ ಇರೋದು. ಸದ್ದು ನಿಲ್ಲಿಸಿದ್ರೆ ನೋಡೋರೂ ಹಂಗೇ ತಡೀತಾರೆ, ಇಷ್ಟು ವರ್ಷ ಈ ಕೆಲ್ಸ ಮಾಡಿ ನಾನು ನಂಬಿರೋದು ಇದನ್ನೇ.

2005ರ ಜುಲೈ 26, ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ನಾನು ಎಂಟನೇ ಕ್ಲಾಸು. ಮಧ್ಯಾಹ್ನ ನಮ್ ಚಾಳಲ್ಲಿ ಎಲ್ರೂ ಮಳೆ ಜೋರಿದೆ ಅಂತ ಭಜಿ ಕರೀತಿದ್ರು, ಪಕ್ಕದ ಖೋಲಿಲಿ ಇಸ್ಪೀಟ್ ನಡೀತಿತ್ತು, ಅಪ್ಪ ಕುರ್ಲಾದಿಂದ ಮಾರನೇ ದಿನ ಸಂಜೆ ನಡ್ಕೊಂಡು ಮನೆಗೆ ಬಂದ್ರು. ಏನೋ ಆಗ್ತಿದೆ ಅಂತ ಆ ಮಧ್ಯಾಹ್ನ ಯಾರಿಗೂ ಅನ್ಸಿರ್ಲಿಲ್ಲ. ಆಮೇಲೆ 2020ರ ಮಾರ್ಚ್‌ನಲ್ಲಿ ಲೋಕಲ್ ನಿಂತ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ಹುಟ್ಟಿದಾಗಿಂದ ಹಳಿ ಪಕ್ಕದಲ್ಲೇ ಮಲಗಿದವ್ಳು ನಾನು, ಮೊದಲ ಸಲ ಫ್ಯಾನ್ ಸದ್ದು ಕೇಳಿಸ್ತು.

ಅದಕ್ಕೇ ನನ್ ಫ್ರೆಂಡ್‌ಗೆ ಹೇಳ್ದೆ, ನಿನ್ ಕತೆನ ಡೊಂಬಿವಲಿಯ ಒಂದು ರೂಮಲ್ಲಿ ಶುರು ಮಾಡು. ನಾಲ್ಕು ಜನ, ಇಸ್ಪೀಟು, ತುರುಫ್ ಯಾವ್ದು ಅಂತ ಜಗಳ, ಉಡುಪಿ ಕಡೆಯೋರೊಬ್ರು, ಧಾರವಾಡದೋರೊಬ್ರು, ಮಾತು ಕೇಳಿದ್ರೇ ಗೊತ್ತಾಗ್ಬೇಕು. ಎರಡು ಮೂರು ನಿಮಿಷಕ್ಕೊಂದ್ಸಲ ಟ್ರೇನ್ ಹೋಗತ್ತೆ, ಹೋದಾಗೆಲ್ಲ ಅವ್ರು ಮಾತು ನಿಲ್ಲಿಸಿ ಮತ್ತೆ ಶುರು ಮಾಡ್ತಾರೆ, ಅಭ್ಯಾಸ ಅದು. ಒಂದ್ಸಲ ಮಾತು ನಿಲ್ಲಿಸ್ತಾರೆ, ಟ್ರೇನ್ ಬರಲ್ಲ. ಎಲೆ ಕೈಲೇ ಇದೆ. ಕ್ಯಾಮೆರಾ ಎಲ್ಲೂ ಹೋಗೋದು ಬೇಡ. ಆಗ ಯಾರೂ ಕೂತಿಲ್ದ ಐದನೇ ಕುರ್ಚಿ ಕಿರ್ ಅನ್ಲಿ.

ನಿನ್ನೆ ರಾತ್ರಿ ಕೊನೇ ಲೋಕಲ್ ಹೋದ್ಮೇಲೆ ಅಪ್ಪನ ಮರದ ಕುರ್ಚಿ ಸದ್ದು ರೆಕಾರ್ಡ್ ಮಾಡ್ದೆ. ಹನ್ನೊಂದು ಟೇಕ್ ಆಯ್ತು. ಏಳನೇದು ಚೆನ್ನಾಗಿ ಬಂದಿದೆ, ಅವ್ಳಿಗೆ ಕಳ್ಸಿದೀನಿ.