ನೇಮ್ ಪ್ಲೇಟ್ ಕೆಳಗಿನ ಹಸಿರು

ಅತ್ತೆ ಮನೆಯ ಹಳೇ ವಾಷಿಂಗ್ ಮೆಷಿನ್‌ನ ನೇಮ್ ಪ್ಲೇಟ್ ಇವತ್ತು ಬಿಚ್ಚಿದೆ. ಅದರ ಅಡಿಯಲ್ಲಿ ಮೊದಲಿನ ಬಣ್ಣ ಹಾಗೇ ಉಳಿದಿತ್ತು. ತಿಳಿ ಹಸಿರು! ಅಂಚಿನಲ್ಲಿ ಬ್ರಷ್‌ನಲ್ಲಿ ಬಳಿದ ಬಿಳಿ ಬಣ್ಣ ದಪ್ಪಗೆ ಕಟ್ಟಿಕೊಂಡು ನಿಂತಿದೆ. ನಾವೆಲ್ಲ ಇದನ್ನು ಬಿಳಿ ಮೆಷಿನ್ ಅಂತಲೇ ಕರೆಯುತ್ತಿದ್ದೆವು.

ಮೆಷಿನ್‌ಗೆ ಮತ್ತೆ ಅದೇ ಹಸಿರು ಬಳಿಯೋಣ ಅನಿಸಿತು. ಆದರೆ ಅಂಗಡಿಯಲ್ಲಿ ತೋರಿಸೋಕೆ ಫೋಟೋದಲ್ಲಿ ಬಣ್ಣ ಸರಿಯಾಗಿ ಬರಲ್ಲ ಅಲ್ವಾ. ಮುಂದಿನ ತಗಡನ್ನೇ ಬಿಚ್ಚಿ, ಸ್ಕೂಟರ್‌ನಲ್ಲಿಟ್ಟುಕೊಂಡು ಎಂ.ಜಿ. ರಸ್ತೆಗೆ ಹೋದೆ. ಪೇಂಟ್ ಅಂಗಡಿಯವರು ಹೊರಗೆ ಬೆಳಕಿಗೆ ಹಿಡಿದು ನೋಡಿ, ಸ್ವಲ್ಪ ಸ್ವಲ್ಪವೇ ಬೆರೆಸಿ ಅದೇ ಹಸಿರು ತಂದುಕೊಟ್ಟರು. ಎಷ್ಟು ಖುಷಿಯಾಯ್ತು ಗೊತ್ತಾ!

ಒಳಗಿನ ಟಬ್ ಮಾತ್ರ ಮುಟ್ಟಲ್ಲ. ಅದು ಎನಾಮೆಲ್. ಗಾಜಿನ ಪುಡಿಯನ್ನು ಸುಮಾರು 800 ಡಿಗ್ರಿ ಬಿಸಿಯಲ್ಲಿ ಕರಗಿಸಿ ಕಬ್ಬಿಣಕ್ಕೆ ಹಿಡಿಸಿರುತ್ತಾರೆ. ಡಬ್ಬಿ ಪೇಂಟ್ ಅದರ ಹತ್ತಿರಕ್ಕೂ ಬರಲ್ಲ.

ಹೊರಗಡೆ ತುಕ್ಕು ಉಜ್ಜಿ, ಬಣ್ಣಕ್ಕೆ ಮೊದಲು ತುಕ್ಕು ತಡೆಯೋಕೆ ಬಳಿಯುವ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಬೇಕು. ತುಕ್ಕಿನ ಮೇಲೇ ಬಣ್ಣ ಬಳಿದರೆ ಮತ್ತೆ ಗುಳ್ಳೆ ಏಳುತ್ತೆ. ಕೊನೇ ಕೋಟ್ ಮಳೆ ಬಿಟ್ಟ ಮೇಲೆ. ಚಿಕ್ಕಮಗಳೂರಿನ ಈ ಥಂಡಿಯಲ್ಲಿ ಸ್ಪ್ರೇ ಮಾಡಿದರೆ ಹೊಳಪೇ ಬರಲ್ಲ.

ಯಾರ ಮನೆಯ ಅಟ್ಟದಲ್ಲಾದರೂ ಹಳೇ ಮೆಷಿನ್‌ನ ರಬ್ಬರ್ ಪೈಪ್ ಇದ್ದರೆ ಹೇಳಿ. ನಾನೇ ಬಂದು ತಗೊಂಡು ಹೋಗ್ತೀನಿ.